ಸ್ಪ್ರಂಕಿ ಆಡಲು ಶುರುಮಾಡುವವರಿಗೆ: ಏಳು ಜಾಗ, ಇಪ್ಪತ್ತು ದನಿ

ಸ್ಪ್ರಂಕಿ ಅಭಿಮಾನಿಗಳೇ ಕಟ್ಟಿದ ಆಟ. ಇದರ ಮೂಲ ಫ್ರಾನ್ಸಿನ 'ಸೋ ಫಾರ್ ಸೋ ಗುಡ್' ಎಂಬ ಸಣ್ಣ ಕಂಪನಿ 2009ರಲ್ಲಿ ಬ್ರೌಸರ್‌ಗೆಂದು ಮಾಡಿದ ಇನ್‌ಕ್ರೆಡಿಬಾಕ್ಸ್. ಅದರಲ್ಲಿ ಸಾಲಾಗಿ ಏಳು ಜನ ಸುಮ್ಮನೆ ನಿಂತಿರುತ್ತಾರೆ. ಕೆಳಗಿನ ಸಾಲಿನಿಂದ ಒಂದು ಚಿಹ್ನೆಯನ್ನು ಎಳೆದು ಒಬ್ಬನ ಮೇಲೆ ಬಿಟ್ಟರೆ ಅವನ ವೇಷ ಬದಲಾಗುತ್ತದೆ, ಬಾಯಲ್ಲೇ ತಾಳ ಹಾಕಲೋ ಹಾಡಲೋ ಆರಂಭಿಸುತ್ತಾನೆ. ಇದೇ ಚೌಕಟ್ಟನ್ನು ಇಟ್ಟುಕೊಂಡು, ಬೇರೆ ಪಾತ್ರ ಬೇರೆ ದನಿ ಹಾಕಿ ಅಭಿಮಾನಿಗಳು ಮಾಡಿಕೊಂಡ ಆವೃತ್ತಿಗಳನ್ನು 'ಮಾಡ್' ಎನ್ನುತ್ತಾರೆ. 2024ರಲ್ಲಿ ಬಂದ ಸ್ಪ್ರಂಕಿ ಅವುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಹಬ್ಬಿದ್ದು. ಈಗ ಅದರ ಮೇಲೆಯೇ ಮತ್ತೆ ಮಾಡ್‌ಗಳು ಹುಟ್ಟಿವೆ.

ಹೊಸಬರು ಬಹುಪಾಲು ಒಂದೇ ತಪ್ಪು ಮಾಡುತ್ತಾರೆ. ಪುಟ ತೆರೆದ ಕೂಡಲೇ ಏಳೂ ಜಾಗ ತುಂಬಿಬಿಡುತ್ತಾರೆ. ಒಟ್ಟು ಗದ್ದಲ ಕೇಳಿಸುತ್ತದೆ, ಎರಡು ನಿಮಿಷಕ್ಕೆ ಬೇಸರ ಬರುತ್ತದೆ. ಈ ಆಟ ಇರುವುದೇ ಒಂದೊಂದೇ ಪದರವನ್ನು ಕೇಳಿಸಿಕೊಳ್ಳುವುದಕ್ಕೆ. ಇಪ್ಪತ್ತು ದನಿಗಳಿಂದ ಏಳನ್ನು ಆರಿಸುವ ಬಗೆಗಳೇ 77,520. ಏಳಕ್ಕಿಂತ ಕಡಿಮೆ ದನಿಗಳ ಜೋಡಣೆಗಳನ್ನೂ ಸೇರಿಸಿದರೆ ಲೆಕ್ಕ 1,37,979ಕ್ಕೆ ಹೋಗುತ್ತದೆ. ಅಂದರೆ ಏಳೂ ಜಾಗ ತುಂಬದ ಜೋಡಣೆಗಳೇ ಅರವತ್ತು ಸಾವಿರ ಇವೆ, ಕಿವಿಗೆ ಇಂಪಾದವು ಹೆಚ್ಚಾಗಿ ಸಿಗುವುದೂ ಅಲ್ಲಿಯೇ.

ತೆರೆಯುವ ಮುನ್ನ

ಸ್ಪ್ರಂಕಿಯ ಹೆಸರಿನಲ್ಲಿ ಲೆಕ್ಕವಿಲ್ಲದಷ್ಟು ಪುಟಗಳಿವೆ. ಅವುಗಳಲ್ಲಿ ಹೆಚ್ಚಿನವು ಯಾರೋ ಮಾಡಿದ ಆಟವನ್ನು ತಂದಿಟ್ಟು ಸುತ್ತ ಜಾಹೀರಾತು ತುಂಬಿದ ಪ್ರತಿಗಳು. ಆಟ ಆಡಲು ಏನನ್ನೂ ಡೌನ್‌ಲೋಡ್ ಮಾಡಬೇಕಾಗಿಲ್ಲ. 'ಡೌನ್‌ಲೋಡ್', 'ಅಪ್‌ಡೇಟ್', 'ನೋಟಿಫಿಕೇಶನ್‌ಗೆ ಅನುಮತಿ ಕೊಡಿ' ಎಂದು ಕೇಳುವ ಪುಟ ಬಂದರೆ ಅಲ್ಲಿಂದ ಎದ್ದು ಬನ್ನಿ. ಪ್ಲೇ ಸ್ಟೋರ್‌ನ ಆಚೆ ಸಿಗುವ ಎಪಿಕೆ ಫೈಲ್‌ಗಳನ್ನಂತೂ ಫೋನಿಗೆ ಹಾಕಲೇಬೇಡಿ. ಇಂಥ ಮಾಡ್‌ಗಳಲ್ಲಿ ಬಹಳಷ್ಟು ಸ್ಕ್ರ್ಯಾಚ್‌ನಲ್ಲಿ ಕಟ್ಟಿದಂಥವು. ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸಲು ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ ಅದೇ ಸ್ಕ್ರ್ಯಾಚ್. ಸ್ಕ್ರ್ಯಾಚ್ ತಾಣದಲ್ಲೇ ಇರುವ ಪ್ರತಿ ಸಿಕ್ಕರೆ ಜಾಹೀರಾತಿನ ಕಾಟ ಇರುವುದಿಲ್ಲ, ಒಳಗಿನ ಬ್ಲಾಕ್‌ಗಳನ್ನೂ, ಅಂದರೆ ಆಟವನ್ನು ನಡೆಸುವ ಆದೇಶದ ತುಣುಕುಗಳನ್ನೂ, ಬಿಚ್ಚಿ ನೋಡಬಹುದು. ಹಳೆಯ ಲ್ಯಾಪ್‌ಟಾಪಿನಲ್ಲಿ ಅದು ಎಳೆದಾಡಿದರೆ ಅದೇ ಪ್ರಾಜೆಕ್ಟನ್ನು ಟರ್ಬೋವಾರ್ಪ್‌ನಲ್ಲಿ ತೆರೆಯಿರಿ. ಟರ್ಬೋವಾರ್ಪ್ ಸ್ಕ್ರ್ಯಾಚ್ ಬ್ಲಾಕ್‌ಗಳನ್ನು ಜಾವಾಸ್ಕ್ರಿಪ್ಟ್‌ಗೆ ಬದಲಿಸಿ ಓಡಿಸುವುದರಿಂದ ವೇಗ ಚೆನ್ನಾಗಿ ಏರುತ್ತದೆ.

ಮೊದಲು ಮೂಲ ಇನ್‌ಕ್ರೆಡಿಬಾಕ್ಸ್‌ನ ವೆಬ್ ತಾಣದಲ್ಲಿ ಉಚಿತವಾಗಿರುವ ಹಳೆಯ ಆವೃತ್ತಿಗಳನ್ನು ಅರ್ಧ ಗಂಟೆ ಆಡಿ ಬನ್ನಿ ಎಂಬುದು ನನ್ನ ಸಲಹೆ. ಅಲ್ಲಿ ದನಿಗಳನ್ನು ಒಂದಕ್ಕೊಂದು ಹೊಂದುವಂತೆ ತುಂಬ ಎಚ್ಚರದಿಂದ ಹೆಣೆದಿದ್ದಾರೆ, ತಪ್ಪಾಗಿ ಜೋಡಿಸುವುದೇ ಕಷ್ಟ. ಮಾಡ್‌ಗಳಲ್ಲಿ ಆ ಭರವಸೆ ಇಲ್ಲ, ಜೋಡಿಸುವ ಹೊಣೆ ನಿಮ್ಮ ಕಿವಿಯದು.

ಹೆಡ್‌ಫೋನ್ ಹಾಕಿಕೊಳ್ಳಿ. ಫೋನಿನ ಪುಟ್ಟ ಸ್ಪೀಕರಿನಲ್ಲಿ ಕೆಳಗಿನ ಮಂದ್ರದ ದನಿಗಳು ಕೇಳುವುದೇ ಇಲ್ಲ. ಆ ಪಾತ್ರ ಕೆಲಸ ಮಾಡುತ್ತಿಲ್ಲ ಎಂದುಕೊಂಡು ಅದೇ ಜಾತಿಯ ಇನ್ನೊಂದನ್ನು ಹಾಕಿರುತ್ತೀರಿ. ಹೆಡ್‌ಫೋನಿನಲ್ಲಿ ಕೇಳಿದಾಗ ಮಾತ್ರ ಎರಡೂ ಸೇರಿ ರಾಡಿಯಾಗಿರುವುದು ಗೊತ್ತಾಗುತ್ತದೆ.

ಯಾರು ಏನು ಹಾಡುತ್ತಾರೆ

ಇಪ್ಪತ್ತು ಪಾತ್ರಗಳು ಐದೈದರಂತೆ ನಾಲ್ಕು ಗುಂಪು. ತಾಳದವರು ಓರೆನ್, ರ್ಯಾಡಿ, ಕ್ಲಕರ್, ಫನ್ ಬಾಟ್, ವಿನೇರಿಯಾ. ಎಫೆಕ್ಟ್, ಅಂದರೆ ನಡುನಡುವೆ ಬಂದುಹೋಗುವ ಚಿಕ್ಕ ಸದ್ದುಗಳವರು ಗ್ರೇ, ಬ್ರಡ್, ಗಾರ್ನಾಲ್ಡ್, ಓವಾಕ್ಸ್, ಸ್ಕೈ. ರಾಗದ ಸಾಲು ನುಡಿಸುವವರು ಮಿಸ್ಟರ್ ಸನ್, ಡರ್ಪಲ್, ಮಿಸ್ಟರ್ ಟ್ರೀ, ಸೈಮನ್, ಟನರ್. ಕಂಠದವರು ಮಿಸ್ಟರ್ ಫನ್ ಕಂಪ್ಯೂಟರ್, ವೆಂಡಾ, ಪಿಂಕಿ, ಜೆವಿನ್, ಬ್ಲ್ಯಾಕ್. ಸ್ಪ್ರಂಕಿಯ ಮೇಲೆ ಕಟ್ಟಿದ ಮಾಡ್‌ಗಳಲ್ಲಿ ಹೆಸರು, ಬಣ್ಣ, ದನಿ ಬದಲಾಗಬಹುದು. ಆದರೆ ಈ ನಾಲ್ಕು ಗುಂಪುಗಳ ಲೆಕ್ಕ ಸಾಮಾನ್ಯವಾಗಿ ಉಳಿದಿರುತ್ತದೆ.

ಬ್ಲ್ಯಾಕ್ ಬಗ್ಗೆ ಮೊದಲೇ ಹೇಳಿಬಿಡಬೇಕು. ಕಪ್ಪು ಟೋಪಿಯ ಆ ಚಿಹ್ನೆಯನ್ನು ಯಾರ ಮೇಲಾದರೂ ಬಿಟ್ಟರೆ ಇಡೀ ಆಟ ಭಯಾನಕ ಹಂತಕ್ಕೆ ತಿರುಗುತ್ತದೆ. ಹಿನ್ನೆಲೆ ಕಪ್ಪಾಗುತ್ತದೆ, ಮುದ್ದಾಗಿದ್ದ ಪಾತ್ರಗಳು ಗಾಯಗೊಂಡು ವಿಕಾರವಾಗುತ್ತವೆ, ರಕ್ತವೂ ಇದೆ. ದನಿಗಳೂ ಬದಲಾಗುತ್ತವೆ. ಮೊದಲ ನೋಟಕ್ಕೆ ಎಳೆಯ ಮಕ್ಕಳ ಕಾರ್ಟೂನಿನಂತೆ ಕಾಣುವ ಆಟವಾದ್ದರಿಂದ ಐದಾರು ವರ್ಷದ ಮಕ್ಕಳ ಕೈಗೆ ಟ್ಯಾಬ್ ಕೊಟ್ಟು ಅಡುಗೆಮನೆಗೆ ಹೋಗುವ ಅಪ್ಪ ಅಮ್ಮಂದಿರು ಇದನ್ನು ತಿಳಿದಿರಲೇಬೇಕು. ಚಿಕ್ಕವರಿಗೆ ಕೊಡುವ ಮುನ್ನ ಆ ನಿರ್ದಿಷ್ಟ ಪ್ರತಿಯನ್ನು ನೀವೇ ಹತ್ತು ನಿಮಿಷ ಆಡಿ ನೋಡಿ. ಕೆಲವು ಮಾಡ್‌ಗಳು ಭಯಾನಕ ಹಂತದಿಂದಲೇ ಶುರುವಾಗುತ್ತವೆ. ಆ ಹಂತಕ್ಕೆ ಅಕಸ್ಮಾತ್ ಹೋದರೆ ಪುಟವನ್ನು ರಿಫ್ರೆಶ್ ಮಾಡುವುದೇ ಖಚಿತವಾದ ದಾರಿ. ದೊಡ್ಡವರಿಗೆ ಮಾತ್ರ ಆ ಹಂತದ ಸಂಗೀತ ಕೇಳುವಂತಿದೆ: ಅದೇ ತಾಳ, ಅದೇ ಜಾಗ, ಆದರೆ ಸ್ವರಗಳು ಒಡೆದುಕೊಂಡಿರುತ್ತವೆ.

ಚಿಹ್ನೆ ಬಿಟ್ಟರೂ ತಕ್ಷಣ ಹಾಡುವುದಿಲ್ಲ ಏಕೆ

ಇದು ಎಲ್ಲರೂ ಕೇಳುವ ಪ್ರಶ್ನೆ. ಎಲ್ಲ ದನಿಗಳೂ ಒಂದೇ ಉದ್ದದ, ಇಲ್ಲವೇ ಒಂದರ ಎರಡರಷ್ಟು ಉದ್ದದ ಲೂಪ್‌ಗಳು, ಅಂದರೆ ಮುಗಿದ ಕೂಡಲೇ ಮೊದಲಿನಿಂದ ಶುರುವಾಗುವ ತುಣುಕುಗಳು. ನಮ್ಮ ತಾಳದ ಆವರ್ತ ಇದ್ದಂತೆ. ನೀವು ಆವರ್ತದ ನಡುವೆ ಯಾರನ್ನಾದರೂ ಕರೆದರೆ ಅವನು ಸಮಕ್ಕೆ ಕಾಯುತ್ತಾನೆ, ಮುಂದಿನ ಆವರ್ತದ ಮೊದಲ ಹೊಡೆತಕ್ಕೆ ಸೇರುತ್ತಾನೆ. ಇನ್‌ಕ್ರೆಡಿಬಾಕ್ಸ್‌ನಲ್ಲಿ ಆ ಕಾಯುವಿಕೆಯನ್ನು ಕಣ್ಣಿಗೆ ಕಾಣುವಂತೆ ತೋರಿಸುತ್ತಾರೆ, ಹಲವು ಮಾಡ್‌ಗಳಲ್ಲಿ ಆ ಸೂಚನೆ ಇರುವುದಿಲ್ಲ. ಅದಕ್ಕೇ ಕೆಲವರು ಆಟ ಕೆಟ್ಟಿದೆ ಎಂದು ಚಿಹ್ನೆಯನ್ನು ತೆಗೆದು ಮತ್ತೆ ಮತ್ತೆ ಹಾಕುತ್ತಿರುತ್ತಾರೆ. ಹಾಗೆ ಹಾಕಿದಷ್ಟು ಸಲವೂ ಕಾಯುವಿಕೆ ಹೊಸದಾಗಿ ಶುರುವಾಗುತ್ತದೆ.

ಲೆಕ್ಕ ಹೀಗೆ. ನಿಮಿಷಕ್ಕೆ 120 ಬಡಿತದ ವೇಗದಲ್ಲಿ ಒಂದು ಬಡಿತ ಅರ್ಧ ಸೆಕೆಂಡು. ನಾಲ್ಕು ಬಡಿತದ ಒಂದು ಬಾರ್ 2 ಸೆಕೆಂಡು, ನಾಲ್ಕು ಬಾರಿನ ಲೂಪ್ 8 ಸೆಕೆಂಡು. ಲೂಪ್ ಶುರುವಾದ ಒಂದು ಸೆಕೆಂಡಿಗೆ ಚಿಹ್ನೆ ಬಿಟ್ಟರೆ 7 ಸೆಕೆಂಡು ಕಾಯಬೇಕು, ಕೊನೆಯ ಅರೆ ಸೆಕೆಂಡಿನಲ್ಲಿ ಬಿಟ್ಟರೆ ತಕ್ಷಣ ಬಂದಂತೆಯೇ. ಆಟದ ಕೈಚಳಕವೆಲ್ಲ ಇಲ್ಲಿಂದ ಹುಟ್ಟುತ್ತದೆ. ಇಬ್ಬರು ಒಟ್ಟಿಗೆ ಎತ್ತಿಕೊಳ್ಳಬೇಕಾದರೆ ಇಬ್ಬರನ್ನೂ ಒಂದೇ ಆವರ್ತದೊಳಗೆ ಬಿಡಿ. ಯಾವ ಕ್ಷಣದಲ್ಲಿ ಬಿಟ್ಟಿರಿ ಎಂಬುದು ಮುಖ್ಯವಲ್ಲ, ಆವರ್ತ ಒಂದೇ ಇರಬೇಕು ಅಷ್ಟೆ.

ಮ್ಯೂಟ್ ಬೇರೆ, ತೆಗೆಯುವುದು ಬೇರೆ. ಪಾತ್ರವನ್ನು ತೆಗೆದರೆ ಅದರ ಲೂಪ್ ನಿಂತೇ ಹೋಗುತ್ತದೆ, ಮತ್ತೆ ತರಲು ಸಮಕ್ಕೆ ಕಾಯಬೇಕು. ಮ್ಯೂಟ್ ಮಾಡಿದರೆ ಲೂಪ್ ಒಳಗೇ ಓಡುತ್ತಿರುತ್ತದೆ, ದನಿ ಮಾತ್ರ ಮುಚ್ಚಿರುತ್ತದೆ. ಆದ್ದರಿಂದ ಮ್ಯೂಟ್ ಬಿಚ್ಚಿದ ಕ್ಷಣದಲ್ಲೇ ಸಾಲಿನ ನಡುವಿನಿಂದ ದನಿ ಮರಳುತ್ತದೆ. ತಾಳವನ್ನು ಒಂದೆರಡು ಬಡಿತ ಮಾತ್ರ ಕಡಿದು ಮತ್ತೆ ಕೊಡಬೇಕಾದರೆ ಮ್ಯೂಟೇ ಬೇಕು. ಹೆಡ್‌ಫೋನ್ ಚಿಹ್ನೆಯ ಸೋಲೋ ಒತ್ತಿದರೆ ಆ ಒಬ್ಬನ ದನಿ ಮಾತ್ರ ಉಳಿಯುತ್ತದೆ. ಏಳು ಜನರ ಗುಂಪಿನಲ್ಲಿ ಯಾರು ಕಿರಿಕಿರಿ ಎಂದು ಹುಡುಕಲು ಅದಕ್ಕಿಂತ ಸುಲಭದ ಉಪಾಯ ಇಲ್ಲ. ಸ್ಕ್ರ್ಯಾಚ್‌ನ ಕೆಲವು ಪ್ರತಿಗಳಲ್ಲಿ ಮ್ಯೂಟ್, ಸೋಲೋ ಎರಡೂ ಇರುವುದಿಲ್ಲ, ಪಾತ್ರದ ಮೇಲೆ ಒತ್ತಿದರೆ ತೆಗೆದುಹಾಕುತ್ತದೆ. ಅಂಥ ಪ್ರತಿಯಲ್ಲಿ ಕಲಿಯುವುದು ನಿಧಾನ, ಬೇರೆ ಪ್ರತಿ ಹುಡುಕಿಕೊಳ್ಳುವುದೇ ವಾಸಿ.

ಮೊದಲ ಮಿಕ್ಸ್

ತಾಳದ ಗುಂಪಿನಿಂದ ಒಬ್ಬನನ್ನು ಮಾತ್ರ ಕರೆಯಿರಿ. ಓರೆನ್‌ನಿಂದ ಶುರುಮಾಡಬಹುದು. ಇನ್ನೇನನ್ನೂ ಮುಟ್ಟದೆ ನಾಲ್ಕು ಆವರ್ತ ಕೇಳಿ. ಕೈಯಲ್ಲಿ ತಾಳ ಹಾಕಿ. ಲೂಪ್ ಎಲ್ಲಿ ಮುಗಿದು ಎಲ್ಲಿ ಮತ್ತೆ ಶುರುವಾಗುತ್ತದೆ ಎಂಬುದು ಎಣಿಸದೆ ಗೊತ್ತಾಗುವವರೆಗೆ ಮುಂದಕ್ಕೆ ಹೋಗಬೇಡಿ. ಈ ಅರ್ಧ ನಿಮಿಷವನ್ನು ಉಳಿಸಿದವರು ಆಮೇಲೆ ಪ್ರತಿ ಬದಲಾವಣೆಯಲ್ಲೂ ತಡವರಿಸುತ್ತಾರೆ.

ಎರಡನೆಯವನು ಇನ್ನೊಂದು ತಾಳ. ಐವರನ್ನೂ ಒಬ್ಬೊಬ್ಬರಾಗಿ ಹಾಕಿ ನೋಡಿ. ಮೊದಲನೆಯವನು ಹೊಡೆಯುವ ಕಡೆಯೇ ಹೊಡೆಯುವವನು ಬೇಡ, ಅವನು ಬಿಟ್ಟ ಖಾಲಿ ಜಾಗದಲ್ಲಿ ಹೊಡೆಯುವವನು ಬೇಕು. ಇಬ್ಬರೂ 'ಧಂ' ಎನ್ನುವ ಭಾರದ ಸದ್ದಿನವರಾದರೆ ಅಬ್ಬರ ಹೆಚ್ಚುತ್ತದೆ, ನಡೆ ಹೆಚ್ಚುವುದಿಲ್ಲ. ಒಬ್ಬ ಭಾರ, ಒಬ್ಬ ಹಗುರ.

ಮೂರನೆಯದು ರಾಗದ ಸಾಲು. ಐದು ರಾಗದವರಲ್ಲಿ ಒಬ್ಬರೇ ಸಾಕು. ಶಿಳ್ಳೆಯ ಟನರ್‌ನಂಥ ಮೇಲುಸ್ಥಾಯಿಯ ಸಾಲನ್ನು ತೆಗೆದುಕೊಂಡರೆ ಕೆಳಗೆ ಜೆವಿನ್‌ನ ಮಂತ್ರ ಹೇಳುವಂಥ ತಗ್ಗಿನ ಕಂಠ ಚೆನ್ನಾಗಿ ಕೂರುತ್ತದೆ. ನಡುವೆ ಜಾಗ ಉಳಿಯುತ್ತದೆ, ಇಬ್ಬರೂ ಸ್ಪಷ್ಟವಾಗಿ ಕೇಳುತ್ತಾರೆ. ಎರಡು ರಾಗದ ಸಾಲು ಒಟ್ಟಿಗೆ ಬೇಕೇ ಬೇಕು ಎನಿಸಿದರೆ ಒಂದು ಉದ್ದ ಸ್ವರಗಳದ್ದಾಗಿರಲಿ, ಇನ್ನೊಂದು ಚಿಕ್ಕ ಸ್ವರಗಳದ್ದು. ಎರಡೂ ಚುರುಕಾಗಿ ಓಡುವಂಥವಾದರೆ ಕಿವಿ ಯಾವುದನ್ನೂ ಹಿಡಿಯುವುದಿಲ್ಲ.

ಆಮೇಲೆ ಒಂದು ಎಫೆಕ್ಟ್, ಒಂದು ಕಂಠ. ಇಲ್ಲಿಗೆ ಐದು. ಉಳಿದ ಎರಡು ಜಾಗವನ್ನು ಖಾಲಿ ಬಿಡಿ ಎಂದು ಗಟ್ಟಿಯಾಗಿ ಹೇಳುತ್ತೇನೆ. ಹಾಡು ಮೇಲೇರಬೇಕಾದ ಜಾಗಕ್ಕೆ ಏನನ್ನಾದರೂ ಉಳಿಸಿಕೊಂಡಿರಬೇಕು. ಏಳೂ ತುಂಬಿದ ಮೇಲೆ ಕಡಿಮೆ ಮಾಡುವುದು ಬಿಟ್ಟು ಬೇರೆ ದಾರಿಯೇ ಉಳಿಯುವುದಿಲ್ಲ.

8 ಸೆಕೆಂಡಿನ ಲೂಪಾದರೆ ಹದಿನಾರು ಆವರ್ತಕ್ಕೆ 2 ನಿಮಿಷ 8 ಸೆಕೆಂಡು, ಹಂಚಿಕೊಳ್ಳಲು ಹದವಾದ ಉದ್ದ. ಮೊದಲ ಎರಡು ಆವರ್ತ ಒಂದೇ ತಾಳ. ಮೂರರಲ್ಲಿ ಎರಡನೆಯ ತಾಳ, ಐದರಲ್ಲಿ ರಾಗ, ಏಳರಲ್ಲಿ ಕಂಠ. ಒಂಬತ್ತನೆಯ ಆವರ್ತದಲ್ಲಿ ಎರಡೂ ತಾಳವನ್ನು ಮ್ಯೂಟ್ ಮಾಡಿ, ರಾಗ ಮತ್ತು ಕಂಠ ಮಾತ್ರ ಉಳಿಯಲಿ. ಹತ್ತರ ಸಮಕ್ಕೆ ಸರಿಯಾಗಿ ತಾಳ ಬಿಚ್ಚಿ, ಅದೇ ಹೊಡೆತಕ್ಕೆ ಬೀಳುವಂತೆ ಒಂಬತ್ತರಲ್ಲೇ ಎಫೆಕ್ಟನ್ನು ಬಿಟ್ಟಿರಿ. ಹದಿನಾಲ್ಕರಿಂದ ಒಬ್ಬೊಬ್ಬರನ್ನೇ ಇಳಿಸಿ, ಕೊನೆಗೆ ಉಳಿಯುವವನು ಮೊದಲು ಬಂದವನೇ ಆಗಲಿ. ಈ ಕ್ರಮವೇ ಸರಿ ಎಂದಲ್ಲ. ಒಂದು ಸಲ ಹೀಗೆ ಮಾಡಿದವರಿಗೆ ತಮ್ಮದೇ ಕ್ರಮ ತಾನಾಗಿ ಹೊಳೆಯುತ್ತದೆ.

ಕೈಕೊಡುವ ಕಡೆಗಳು

ಸದ್ದೇ ಬರದಿದ್ದರೆ ಮೊದಲು ಆಟದ ಒಳಗೆ ಒಮ್ಮೆ ಒತ್ತಿ. ಬಳಕೆದಾರ ಮುಟ್ಟದೆ ಪುಟ ತಾನಾಗಿ ಸದ್ದು ಮಾಡಕೂಡದು ಎಂದು ಈಗಿನ ಬ್ರೌಸರ್‌ಗಳು ತಡೆಯುತ್ತವೆ. ಆಮೇಲೆ ಟ್ಯಾಬ್ ಮೇಲೆ ಬಲಗುಂಡಿ ಒತ್ತಿ ಅದು ಮ್ಯೂಟ್ ಆಗಿದೆಯೇ ನೋಡಿ. ಐಫೋನಿನಲ್ಲಿ ಯೂಟ್ಯೂಬ್ ಕೇಳುತ್ತದೆ, ಆಟ ಮಾತ್ರ ಮೂಕ ಎಂದರೆ ಹೆಚ್ಚಿನ ಸಲ ಕಾರಣ ಸೈಲೆಂಟ್ ಗುಂಡಿ. ವೆಬ್ ಆಟಗಳ ಸದ್ದನ್ನು ಅದು ಮುಚ್ಚಿಬಿಡುತ್ತದೆ.

ಫೋನಿನಲ್ಲಿ ಚಿಹ್ನೆ ಎಳೆಯಲು ಹೋದರೆ ಪುಟವೇ ಸರಿಯುತ್ತಿದ್ದರೆ ಪೂರ್ಣ ಪರದೆಗೆ ಹೋಗಿ, ಫೋನನ್ನು ಅಡ್ಡ ಹಿಡಿಯಿರಿ.

ಬ್ಲೂಟೂತ್ ಹೆಡ್‌ಫೋನಿನಲ್ಲಿ ಪಾತ್ರದ ಬಾಯಿಗೂ ದನಿಗೂ ತಾಳೆಯಾಗುವುದಿಲ್ಲ. ಅದರಿಂದ ಮಿಕ್ಸ್ ಕೆಡುವುದಿಲ್ಲ, ಏಕೆಂದರೆ ಏಳೂ ದನಿ ಒಂದೇ ಪ್ರಮಾಣದಲ್ಲಿ ತಡವಾಗುತ್ತವೆ. ಕೆಡುವುದು ನಿಮ್ಮ ಮ್ಯೂಟ್: ಕಿವಿಗೆ ಸಮ ಬೀಳುವ ಹೊತ್ತಿಗೆ ಆಟದಲ್ಲಿ ಸಮ ದಾಟಿ ಹೋಗಿರುತ್ತದೆ. ಮ್ಯೂಟ್ ಆಟಕ್ಕೆ ತಂತಿಯ ಇಯರ್‌ಫೋನೇ ಸರಿ. ಇನ್ನೊಂದು ವಿಷಯ. ರೆಕಾರ್ಡ್ ಮಾಡುವಾಗ ಬ್ಲೂಟೂತ್ ಹೆಡ್‌ಸೆಟ್‌ನ ಮೈಕ್ ಆನ್ ಆದರೆ ಅದು ಫೋನ್ ಕರೆಯ ಮಟ್ಟಕ್ಕೆ ಇಳಿಯುತ್ತದೆ, ಇಡೀ ಸಂಗೀತ ಹಳೆಯ ಟೆಲಿಫೋನಿನಲ್ಲಿ ಕೇಳಿದಂತಾಗುತ್ತದೆ. ಮೈಕ್ ಆಫ್ ಮಾಡಿದರೆ ಸರಿಹೋಗುತ್ತದೆ.

ಸದ್ದು ಚಟಪಟ ಒಡೆಯಲು ಎರಡು ಕಾರಣ. ಒಂದು, ಕಂಪ್ಯೂಟರಿಗೆ ಸಾಕಾಗುತ್ತಿಲ್ಲ. ಬೇರೆ ಟ್ಯಾಬ್‌ಗಳನ್ನು ಮುಚ್ಚಿ, ಬ್ಯಾಟರಿ ಉಳಿತಾಯ ತೆಗೆಯಿರಿ. ಇನ್ನೊಂದು, ಮಾಡ್ ಮಾಡಿದವರೇ ಪ್ರತಿ ದನಿಯನ್ನೂ ಗರಿಷ್ಠ ಮಟ್ಟಕ್ಕೆ ಏರಿಸಿಟ್ಟಿದ್ದಾರೆ. ಮೂರು ಜನರವರೆಗೆ ಸರಿಯಾಗಿದ್ದು ನಾಲ್ಕನೆಯವನು ಬಂದಾಗಲೆಲ್ಲ ಒಡೆದರೆ ಅದು ಎರಡನೆಯ ಕಾರಣ. ಸಿಸ್ಟಮ್ ವಾಲ್ಯೂಮ್ ಇಳಿಸಿದರೂ ಹೋಗುವುದಿಲ್ಲ, ಜನ ಕಡಿಮೆ ಮಾಡಬೇಕಷ್ಟೆ.

ರೆಕಾರ್ಡಿಂಗ್‌ಗೆ ಮೂಲ ಇನ್‌ಕ್ರೆಡಿಬಾಕ್ಸ್‌ನಲ್ಲಿ ಸೌಲಭ್ಯವಿದೆ. ಅದಿಲ್ಲದ ಮಾಡ್‌ಗಳಲ್ಲಿ ಪರದೆಯನ್ನೇ ರೆಕಾರ್ಡ್ ಮಾಡಬೇಕು. ವಿಂಡೋಸ್‌ನಲ್ಲಿ ವಿಂಡೋಸ್ ಕೀ, ಆಲ್ಟ್, ಆರ್ ಮೂರನ್ನೂ ಒಟ್ಟಿಗೆ ಒತ್ತಿ. ಆಂಡ್ರಾಯ್ಡ್‌ನ ಸ್ಕ್ರೀನ್ ರೆಕಾರ್ಡರ್‌ನಲ್ಲಿ ಆಡಿಯೋ ಮೂಲವಾಗಿ ಮೈಕ್ ಬದಲು ಡಿವೈಸ್ ಆಡಿಯೋ ಆರಿಸಿ, ಇಲ್ಲದಿದ್ದರೆ ಸಂಗೀತದ ಜೊತೆ ಫ್ಯಾನಿನ ಸದ್ದೂ ಬರುತ್ತದೆ. ಇಯರ್‌ಫೋನ್ ಹಾಕಿದ್ದರೆ ಬರೀ ಫ್ಯಾನಿನ ಸದ್ದು ಮಾತ್ರ.

ನಿಮ್ಮದೇ ದನಿ ಹಾಕಬೇಕೆಂದರೆ

ಕೆಲವು ವಾರ ಆಡಿದವರಿಗೆ ಈ ಆಸೆ ಬಂದೇ ಬರುತ್ತದೆ, ಬರಬೇಕು ಕೂಡ. ಇನ್‌ಕ್ರೆಡಿಬಾಕ್ಸ್‌ನ ಏಳನೆಯ ಆವೃತ್ತಿಯ ಹೆಸರೇ 'ಜೀವನ್', ಅದರಲ್ಲಿ ಭಾರತೀಯ ಸಂಗೀತದ ಬಣ್ಣವಿದೆ. ಬಾಯಲ್ಲಿ ತಾಳ ಹಾಕುವುದು ನಮಗೆ ಹೊರಗಿನಿಂದ ಬರಬೇಕಾದ ವಿದ್ಯೆಯೇನಲ್ಲ, ಕೊನ್ನಕ್ಕೋಲ್ ಇದ್ದೇ ಇದೆ. 'ತಕಧಿಮಿ ತಕಜುಣು' ಹೇಳಬಲ್ಲ ಯಾರೇ ಆದರೂ ಐದು ತಾಳದ ಲೂಪ್‌ಗಳನ್ನು ಒಂದು ಸಂಜೆಯಲ್ಲಿ ರೆಕಾರ್ಡ್ ಮಾಡಿಕೊಳ್ಳಬಹುದು.

ಆದಿತಾಳದ ಎಂಟು ಎಣಿಕೆ ಈ ಆಟಗಳ ಚೌಕಟ್ಟಿಗೆ ಹೇಳಿಮಾಡಿಸಿದಂತೆ ಕೂರುತ್ತದೆ. ಖಂಡಛಾಪಿನ ಐದರ ಲೂಪನ್ನು ಎಂಟರ ಲೂಪಿನ ಜೊತೆ ಹಾಕಿದರೆ ಎರಡರ ಸಮವೂ ಮತ್ತೆ ಕೂಡುವುದು 40 ಎಣಿಕೆಗೊಮ್ಮೆ. ಕೇಳಲು ಸೊಗಸೇ, ಆದರೆ ಮಾಡ್ ಕಟ್ಟಲು ಸಿಗುವ ಸಿದ್ಧ ಚೌಕಟ್ಟುಗಳಲ್ಲಿ (ಟೆಂಪ್ಲೇಟ್) ಹೆಚ್ಚಿನವು ಎಂಟಕ್ಕೊಮ್ಮೆ ಎಲ್ಲರನ್ನೂ ಮೊದಲಿನಿಂದ ಶುರುಮಾಡಿಸುವುದರಿಂದ ಐದರ ಸಾಲು ಅರ್ಧಕ್ಕೇ ಕತ್ತರಿಸಿಹೋಗುತ್ತದೆ. ಮೊದಲ ಮಾಡ್‌ಗೆ ಎಂಟನ್ನೇ ಇಟ್ಟುಕೊಳ್ಳಿ.

ವೇಗವನ್ನು ಮೊದಲು ನಿಶ್ಚಯಿಸಿ, 90, 100, 120 ಇವುಗಳಲ್ಲಿ ಒಂದು. ಕಾರಣ ಇದೆ. ಸೆಕೆಂಡಿಗೆ 44,100 ಸ್ಯಾಂಪಲ್‌ನ (ಸ್ಯಾಂಪಲ್ ಎಂದರೆ ದನಿಯ ಒಂದು ಅಳತೆ) ರೆಕಾರ್ಡಿಂಗ್‌ನಲ್ಲಿ 120ರ ವೇಗಕ್ಕೆ ಒಂದು ಬಡಿತ ಸರಿಯಾಗಿ 22,050 ಸ್ಯಾಂಪಲ್, 90ಕ್ಕೆ 29,400. 110 ಇಟ್ಟರೆ 24,054ರ ಮೇಲೆ ಭಿನ್ನಾಂಕ ಉಳಿಯುತ್ತದೆ, ಲೂಪ್‌ಗಳನ್ನು ಕತ್ತರಿಸುವಾಗ ಒಂದೊಂದು ಒಂದೊಂದು ಉದ್ದವಾಗುವ ಅಪಾಯ. 100ರ ವೇಗದಲ್ಲಿ ಹದಿನಾರು ಬಡಿತದ ಲೂಪ್ 9.6 ಸೆಕೆಂಡು, ಅಂದರೆ 4,23,360 ಸ್ಯಾಂಪಲ್. ದನಿ ಕತ್ತರಿಸಿ ಜೋಡಿಸುವ ಆಡಾಸಿಟಿ ತಂತ್ರಾಂಶದಲ್ಲಿ ಆಯ್ಕೆಯ ಉದ್ದವನ್ನು ಸ್ಯಾಂಪಲ್ ಲೆಕ್ಕದಲ್ಲೇ ತೋರಿಸುವಂತೆ ಇಟ್ಟುಕೊಂಡು ಕತ್ತರಿಸಿ. ಇಪ್ಪತ್ತೂ ಫೈಲ್‌ಗಳ ಉದ್ದ ಒಂದೇ ಇರಬೇಕು.

ಉಳಿಸುವಾಗ ಎಂಪಿ3 ಬೇಡ, ವೇವ್ ಇರಲಿ. ಎಂಪಿ3 ಎನ್‌ಕೋಡರ್ ಫೈಲಿನ ತಲೆಗೆ ಒಂದಿಷ್ಟು ನಿಶ್ಶಬ್ದ ಸೇರಿಸುತ್ತದೆ, ಸುಮಾರು 25 ಮಿಲಿಸೆಕೆಂಡಿನಷ್ಟು. ಹಾಡು ಕೇಳುವಾಗ ಅದು ಲೆಕ್ಕಕ್ಕಿಲ್ಲ. ಲೂಪ್ ತನ್ನಷ್ಟಕ್ಕೆ ಮರಳಿ ಮರಳಿ ಓಡಿದರೆ ಪ್ರತಿ ಸುತ್ತಿಗೂ ಅಷ್ಟು ಹಿಂದೆ ಬೀಳುತ್ತದೆ. 120ರ ವೇಗದಲ್ಲಿ ಬಡಿತದ ಕಾಲು ಭಾಗ 125 ಮಿಲಿಸೆಕೆಂಡು, ಐದನೆಯ ಸುತ್ತಿಗೇ ತಾಳ ಅಷ್ಟು ಜಾರಿರುತ್ತದೆ. ವೇವ್ ದೊಡ್ಡದು ಎಂಬ ಹೆದರಿಕೆ ಬೇಡ. 8 ಸೆಕೆಂಡಿನ ಮೋನೋ ಫೈಲ್ ಸುಮಾರು 0.7 ಎಂಬಿ, ಇಪ್ಪತ್ತು ಸೇರಿ 14 ಎಂಬಿ. ಒಂದೊಂದು ಫೈಲೂ ಸ್ಕ್ರ್ಯಾಚ್‌ನ 10 ಎಂಬಿ ಮಿತಿಯ ಎಷ್ಟೋ ಕೆಳಗೇ ಇರುತ್ತದೆ.

ಸ್ಕ್ರ್ಯಾಚ್‌ನಲ್ಲಿ ಪ್ರತಿ ಪಾತ್ರಕ್ಕೂ ತನ್ನದೇ 'ಸದ್ದು ಮುಗಿಯುವವರೆಗೆ ನುಡಿಸು' ಬ್ಲಾಕನ್ನು ನಿರಂತರ ಲೂಪಿನೊಳಗೆ ಹಾಕುವುದು ಹೊಸಬರ ಸಾಮಾನ್ಯ ತಪ್ಪು. ಸ್ಕ್ರ್ಯಾಚ್ ಸೆಕೆಂಡಿಗೆ 30 ಸಲ ಮಾತ್ರ ತಿರುಗಿ ನೋಡುತ್ತದೆ, ಅಂದರೆ 33 ಮಿಲಿಸೆಕೆಂಡಿಗೊಮ್ಮೆ. ಪ್ರತಿ ಪಾತ್ರವೂ ತಾನು ಮುಗಿಸಿದ್ದನ್ನು ತನ್ನದೇ ಹೊತ್ತಿಗೆ ಕಂಡುಕೊಂಡು ಮತ್ತೆ ಶುರುಮಾಡುತ್ತದೆ, ಕೆಲವೇ ನಿಮಿಷದಲ್ಲಿ ಏಳು ಜನ ಏಳು ದಾರಿ. ಬದಲಿಗೆ ಒಬ್ಬ ತಾಳಧಾರಿ ಇರಲಿ: ಒಂದೇ ಸ್ಪ್ರೈಟ್ (ಸ್ಕ್ರ್ಯಾಚ್‌ನಲ್ಲಿ ಪಾತ್ರಕ್ಕೆ ಹೇಳುವ ಹೆಸರು) ಟೈಮರ್ ನೋಡಿಕೊಂಡು ಆವರ್ತಕ್ಕೊಮ್ಮೆ ಸಂದೇಶ ಪ್ರಸಾರ ಮಾಡಲಿ, ಮಿಕ್ಕವರೆಲ್ಲ ಆ ಸಂದೇಶ ಬಂದಾಗ 'ಸದ್ದು ಶುರುಮಾಡು' ಎನ್ನಲಿ. ಸಣ್ಣ ತಡ ಆದರೂ ಎಲ್ಲರಿಗೂ ಒಟ್ಟಿಗೇ ಆಗುತ್ತದೆ, ಕಿವಿಗೆ ತಿಳಿಯುವುದಿಲ್ಲ.

ಶ್ರುತಿ ಒಂದೇ ಇರಲಿ. ಫೋನಿನ ತಂಬೂರಿ ಆ್ಯಪ್ ಒಂದು ಕಿವಿಗೆ ಹಾಕಿಕೊಂಡು ಹತ್ತೂ ರಾಗ-ಕಂಠದ ಲೂಪ್‌ಗಳನ್ನು ಅದೇ ಶ್ರುತಿಯಲ್ಲಿ ಹಾಡಿ. ಯಾರು ಯಾರ ಜೊತೆ ಬೀಳುತ್ತಾರೋ ಗೊತ್ತಿಲ್ಲದ ಆಟವಾದ್ದರಿಂದ ಐದು ಸ್ವರದ ರಾಗಗಳು ಸುರಕ್ಷಿತ. ಮೋಹನ ತೆಗೆದುಕೊಳ್ಳಿ. ಸ ರಿ ಗ ಪ ದ, ಇವುಗಳಲ್ಲಿ ಯಾವ ಎರಡು ಸ್ವರಗಳ ನಡುವೆಯೂ ಅರೆಸ್ವರದ ಅಂತರ ಇಲ್ಲ, ಹಾಗಾಗಿ ಯಾವುದು ಯಾವುದರ ಮೇಲೆ ಬಿದ್ದರೂ ಕರ್ಕಶವಾಗುವುದಿಲ್ಲ. ಹಿಂದೋಳಕ್ಕೂ ಈ ಗುಣ ಇದೆ. ಗಮಕವನ್ನು ಮಿತವಾಗಿಡಿ, ಇಬ್ಬರು ಒಟ್ಟಿಗೆ ಎಳೆದಾಡಿದರೆ ಅಪಸ್ವರದಂತೆ ಕೇಳುತ್ತದೆ.

ಪ್ರತಿ ಫೈಲಿನ ಗರಿಷ್ಠ ಮಟ್ಟವನ್ನು ಸೊನ್ನೆ ಡೆಸಿಬಲ್‌ಗಿಂತ 12 ಕೆಳಗೆ ಇಡಿ. ಏಳು ದನಿಗಳ ಶಿಖರಗಳು ಒಂದೇ ಕ್ಷಣ ಕೂಡಿದರೆ ಮಟ್ಟ 17 ಡೆಸಿಬಲ್‌ವರೆಗೂ ಏರಬಹುದು. ಹಾಗೆ ಎಲ್ಲವೂ ಕೂಡುವುದು ಅಪರೂಪವಾದ್ದರಿಂದ 12 ಸಾಕಾಗುತ್ತದೆ. ಮೇಲೆ ಹೇಳಿದ ಚಟಪಟ ಸದ್ದು ಬರುವುದು ಈ ಕೆಲಸವನ್ನು ಬಿಟ್ಟ ಮಾಡ್‌ಗಳಲ್ಲಿಯೇ.

ಸಿನಿಮಾ ಹಾಡಿನ ತುಣುಕನ್ನು ಕತ್ತರಿಸಿ ಹಾಕಬೇಡಿ. ಹಕ್ಕು ಬೇರೆಯವರದು, ಮೇಲಾಗಿ ಅದರ ಶ್ರುತಿ ವೇಗ ಎರಡೂ ನಿಮ್ಮ ಚೌಕಟ್ಟಿಗೆ ಹೊಂದುವುದಿಲ್ಲ. ಯಾರ ಟೆಂಪ್ಲೇಟ್ ಬಳಸಿದಿರಿ, ಯಾವ ಪಾತ್ರ ಯಾರ ಚಿತ್ರದಿಂದ ಬಂತು ಎಂಬುದನ್ನು ಪ್ರಾಜೆಕ್ಟಿನ ವಿವರಣೆಯಲ್ಲಿ ಬರೆಯಿರಿ, ಮೂಲ ಇನ್‌ಕ್ರೆಡಿಬಾಕ್ಸ್ ಹೆಸರನ್ನೂ ಸೇರಿಸಿ. ಭಯಾನಕ ಹಂತ ಇಟ್ಟಿದ್ದರೆ ಅದನ್ನು ವಿವರಣೆಯ ಮೊದಲ ಸಾಲಿನಲ್ಲೇ ಹೇಳಿ.